ಮೈಸೂರು ದಸರಾ ಟಿಕೆಟ್: ಕಾಸರಗೋಡಿನಿಂದ ಹೋಗುವವರಿಗೆ ಯಾವುದು ಸರಿ?

ಮೈಸೂರು ದಸರೆಯ ಜಂಬೂಸವಾರಿ ಮತ್ತು ಅದೇ ರಾತ್ರಿ ಬನ್ನಿಮಂಟಪ ಮೈದಾನದಲ್ಲಿ ಪೊಲೀಸರು ನಡೆಸುವ ಪಂಜಿನ ಕವಾಯತು ನೋಡಲು 2014ರಿಂದ 2025ರವರೆಗೆ ನಮ್ಮ ಕುಟುಂಬ ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯಿಂದ ಏಳು ಸಲ ಹೋಗಿ ಬಂದಿದೆ. ರಸ್ತೆ ಬದಿ, ಬಾಡಿಗೆಯ ಮಹಡಿ, ಅರಮನೆ ಆವರಣದ ಟಿಕೆಟ್, ಎರಡೂ ಪ್ರದರ್ಶನಗಳಿಗೆ ಪ್ರವೇಶವಿರುವ ಗೋಲ್ಡ್ ಕಾರ್ಡ್, ಪಂಜಿನ ಕವಾಯತಿನ ಟಿಕೆಟ್ ಇವೆಲ್ಲವನ್ನೂ ಒಂದೊಂದು ವರ್ಷ ಪ್ರಯೋಗಿಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಐದರಲ್ಲಿ ಅಂಕ ಕೊಡುವುದಾದರೆ ಅರಮನೆ ಟಿಕೆಟಿಗೆ ಮೂರೂವರೆ, ಗೋಲ್ಡ್ ಕಾರ್ಡಿಗೆ ಎರಡೂವರೆ, ಪಂಜಿನ ಕವಾಯತಿಗೆ ನಾಲ್ಕೂವರೆ. ಮೈಸೂರಿನಲ್ಲಿಯೇ ಮನೆ ಇರುವವರ ಲೆಕ್ಕ ಬೇರೆಯಾಗಬಹುದು. 200 ಕಿಲೋಮೀಟರಿಗೂ ಹೆಚ್ಚು ದೂರದಿಂದ, ಮಂಡಿನೋವಿನ ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬರುವವನ ಅಂಕಗಳಿವು.

ನಮ್ಮ ಮೊದಲ ತೊಡಕು ರಜೆಯದು. ಕರ್ನಾಟಕದ ಶಾಲೆಗಳಿಗಿರುವಂಥ ದೀರ್ಘ ದಸರಾ ರಜೆ ಕೇರಳದಲ್ಲಿ ಇಲ್ಲ. ಮಹಾನವಮಿ, ವಿಜಯದಶಮಿಗಳ ಆಸುಪಾಸಿನ ಎರಡು ಮೂರು ದಿನಗಳಲ್ಲಿಯೇ ಎಲ್ಲವನ್ನೂ ಮುಗಿಸಿಕೊಳ್ಳಬೇಕು. ಅದರ ಮೇಲೆ ವಿಜಯದಶಮಿಯ ಬೆಳಗ್ಗೆ ನಮ್ಮಲ್ಲಿ ವಿದ್ಯಾರಂಭ. ಪೂಜೆಗಿಟ್ಟ ಪುಸ್ತಕಗಳನ್ನು ಆ ದಿನವೇ ತೆಗೆಯಬೇಕು, ಚಿಕ್ಕ ಮಕ್ಕಳಿದ್ದರೆ ಅಕ್ಕಿಯ ಮೇಲೆ ಅಕ್ಷರ ಬರೆಸಬೇಕು. (ಪೂಜೆಗಿಟ್ಟ ಪುಸ್ತಕವನ್ನು ಮುಟ್ಟಬಾರದೆಂಬ ನಿಯಮವನ್ನು ನನ್ನ ಮಗನಷ್ಟು ಶ್ರದ್ಧೆಯಿಂದ ಪಾಲಿಸುವವರನ್ನು ನಾನು ಕಂಡಿಲ್ಲ.) ಮೈಸೂರಿನಲ್ಲಿ ಅದೇ ಮಧ್ಯಾಹ್ನ 2 ಗಂಟೆಯ ಆಸುಪಾಸಿಗೆ ಅರಮನೆಯ ಬಲರಾಮ ದ್ವಾರದ ಬಳಿ ನಂದಿಧ್ವಜಕ್ಕೆ ಪೂಜೆ ನಡೆದು ಮೆರವಣಿಗೆ ಹೊರಡುತ್ತದೆ, ಅಂಬಾರಿಯಲ್ಲಿರುವ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗುವಾಗ ಸಂಜೆ 4 ದಾಟಿರುತ್ತದೆ. ಮುಹೂರ್ತ ವರ್ಷವರ್ಷಕ್ಕೂ ಬದಲಾಗುತ್ತದೆ. ಹಾಗಾಗಿ ಯಾವ ಟಿಕೆಟ್ ಕೊಳ್ಳಬೇಕೆಂಬ ಚರ್ಚೆ ನಮ್ಮ ಮನೆಯಲ್ಲಿ ಬೆಲೆಯಿಂದ ಶುರುವಾಗಿ ಕೊನೆಗೆ ಗಡಿಯಾರಕ್ಕೆ ಬಂದು ನಿಲ್ಲುತ್ತದೆ.

2014ರಲ್ಲಿ ಟಿಕೆಟಿನ ಗೋಜೇ ಬೇಡವೆಂದು ಸಯ್ಯಾಜಿರಾವ್ ರಸ್ತೆಯ ಕಾಲುದಾರಿಯಲ್ಲಿ ಬೆಳಗ್ಗೆ 10ಕ್ಕೆ ಪತ್ರಿಕೆ ಹಾಸಿ ಕುಳಿತೆವು. ನಮಗಿಂತ ಮೊದಲೇ ಬಂದವರು ಚಾಪೆ, ಬುತ್ತಿ, ಎಲೆಯಡಿಕೆ ಸಮೇತ ಬೀಡುಬಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಹಿಂದಿನಿಂದ ಬಂದ ಜನ ನಮ್ಮನ್ನು ಎಬ್ಬಿಸಿ ನಿಲ್ಲಿಸಿತು. ಆಮೇಲೆ ಕೂರುವ ಮಾತೇ ಇರಲಿಲ್ಲ. ಆದರೂ ಪ್ರಾಮಾಣಿಕವಾಗಿ ಹೇಳುವುದಾದರೆ, ಅಂಬಾರಿಯನ್ನು ಅಷ್ಟು ಹತ್ತಿರದಿಂದ ನಾನು ಮತ್ತೆ ನೋಡಿಲ್ಲ. ಆ ವರ್ಷ ಅಂಬಾರಿ ಹೊತ್ತಿದ್ದವನು ಅರ್ಜುನ. ಸುಮಾರು 750 ಕಿಲೋ ತೂಕವನ್ನು ಬೆನ್ನಿನ ಮೇಲಿಟ್ಟುಕೊಂಡು ಅವನು ಮುಂದಿನ ಕಾಲನ್ನು ಊರುವಾಗ ಪಾದ ಹಿಟ್ಟಿನ ಮುದ್ದೆಯಂತೆ ಅಗಲವಾಗಿ, ಎತ್ತುವಾಗ ಮತ್ತೆ ಕಿರಿದಾಗುತ್ತಿತ್ತು. ಹತ್ತು ಅಡಿ ದೂರದಿಂದ ಕಂಡ ಆ ಪಾದ ಇಂದಿಗೂ ನೆನಪಿದೆ. ಗಟ್ಟಿಮುಟ್ಟಾದವರು, ಒಬ್ಬರೇ ಬರುವವರು, ದಿನವಿಡೀ ಶೌಚಾಲಯದ ನೆನಪಾಗದೆ ಇರಬಲ್ಲವರು ಈ ದಾರಿಯನ್ನೇ ಹಿಡಿಯಬಹುದು, ಖರ್ಚು ಸೊನ್ನೆ. ನನ್ನ ತಾಯಿಗೆ ಮಾತ್ರ ಆ ದಿನ ಮುಂದಿದ್ದವರ ಬೆನ್ನು ಬಿಟ್ಟು ಬೇರೇನೂ ಕಾಣಿಸಲಿಲ್ಲ.

2016ರಲ್ಲಿ ಅದೇ ರಸ್ತೆಯ ಕಟ್ಟಡವೊಂದರ ಮಹಡಿಯಲ್ಲಿ ತಲೆಗಿಷ್ಟು ಎಂದು ಬಾಡಿಗೆ ಕೊಟ್ಟು ನಿಂತೆವು. ನೋಟ ಚೆನ್ನಾಗಿತ್ತು, ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಅದೇ ಆಗಸ್ಟ್‌ನಲ್ಲಿ ಪಕ್ಕದ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದಿತ್ತು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ಜೀವಹಾನಿಯೂ ಆಗಿತ್ತು. ಸಾಲು ಸಾಲು ಜನ ಒಂದೇ ಅಂಚಿಗೆ ಒರಗಿ ಬಗ್ಗುವಾಗ ಹಳೆಯ ಗಾರೆ ಎಷ್ಟು ತಾಳೀತೆಂದು ಯೋಚಿಸುತ್ತಲೇ ಸ್ತಬ್ಧಚಿತ್ರಗಳೆಲ್ಲ ಮುಗಿದವು. ಅಗ್ಗಕ್ಕೆ ಸಿಕ್ಕರೂ ಇದನ್ನು ಯಾರಿಗೂ ಶಿಫಾರಸು ಮಾಡಲಾರೆ.

ಮರುವರ್ಷದ್ದು ನನ್ನದೇ ಮೂರ್ಖತನ. ಪರಿಚಿತರ ಪರಿಚಿತರೊಬ್ಬರು ಅರಮನೆಯ ಒಳಗಿನ ಪಾಸು ಕೊಡಿಸುತ್ತೇನೆಂದರು; ನಾಲ್ಕು ಪಾಸಿಗೆ ಮುಂಗಡವಾಗಿಯೇ ಹಣ ಕಳುಹಿಸಿದೆ. ಕೈಗೆ ಬಂದದ್ದು ಒಂದೇ ಕ್ರಮಸಂಖ್ಯೆಯ ನಾಲ್ಕು ನೆರಳಚ್ಚು ಪ್ರತಿಗಳು. ಬಾಗಿಲ ಬಳಿಯ ಪೊಲೀಸರು ಅವುಗಳನ್ನು ಒಂದು ಸಲ ನೋಡಿ, ಮಾತನಾಡದೆ ಮರಳಿ ಕೊಟ್ಟರು. ಗಣ್ಯರಿಗೂ ಅತಿಥಿಗಳಿಗೂ ಹಂಚುವ ಪಾಸು ಮಾರಾಟಕ್ಕಿರುವ ವಸ್ತುವಲ್ಲ ಎಂಬಷ್ಟನ್ನು ನಾನು ಊಹಿಸಿಕೊಳ್ಳಬೇಕಿತ್ತು. ದಸರೆಯ ಅಧಿಕೃತ ಜಾಲತಾಣದಲ್ಲಿ ಮಾರಾಟ ತೆರೆದ ದಿನವೇ ಕೊಳ್ಳುವುದು, ಸಿಗದಿದ್ದರೆ ಆ ವರ್ಷಕ್ಕೆ ಬಿಟ್ಟುಬಿಡುವುದು ಎಂಬ ನಿಯಮವನ್ನು ಅಲ್ಲಿಂದ ಮುಂದೆ ಪಾಲಿಸುತ್ತಿದ್ದೇವೆ.

2018ರಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದಿದ್ದರಿಂದ ನಮ್ಮ ದಾರಿಯ ಸಂಪಾಜೆ ಘಾಟಿಯ ಮೇಲೆ ಭರವಸೆ ಇರಲಿಲ್ಲ, ಹಾಗಾಗಿ ಮೈಸೂರಿಗೆ ಹೋಗಲಿಲ್ಲ. 2019ರಲ್ಲಿ ಅರಮನೆ ಆವರಣದ ಟಿಕೆಟ್ ಕೊಂಡೆವು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಕೇಳುವುದು ಇದನ್ನೇ. ನಾವು ಹೋದಾಗ ಟಿಕೆಟಿನಲ್ಲಿ ಯಾವ ವಿಭಾಗ ಎಂಬುದಿತ್ತು, ಯಾವ ಕುರ್ಚಿ ಎಂಬುದಿರಲಿಲ್ಲ. ವಿಭಾಗದ ಒಳಗೆ ಮೊದಲು ಬಂದವರಿಗೆ ಮೊದಲ ಸಾಲು. ಅಂದರೆ ಒಂದೇ ಹಣ ಕೊಟ್ಟ ಇಬ್ಬರಲ್ಲಿ ಒಬ್ಬರು ಅಂಬಾರಿಯ ಕುಸುರಿ ಕೆಲಸವನ್ನು ನೋಡುತ್ತಾರೆ, ಇನ್ನೊಬ್ಬರು ಮುಂದಿನವರ ಮೊಬೈಲ್ ಪರದೆಯಲ್ಲಿ ಅಂಬಾರಿಯನ್ನು ನೋಡುತ್ತಾರೆ. ನಾವು ಹಿಂದಿನ ದಿನವೇ ಹುಣಸೂರಿನಲ್ಲಿ ತಂಗಿ, ಬೆಳಗ್ಗೆ 11ಕ್ಕೆ ಒಳಗೆ ಸೇರಿ ಮೂರನೆಯ ಸಾಲು ಹಿಡಿದೆವು. ಕಾಯುವುದು ಐದು ಗಂಟೆ. ಅರಮನೆ ಪೂರ್ವಾಭಿಮುಖವಾಗಿರುವುದರಿಂದ ಅದಕ್ಕೆ ಮುಖಮಾಡಿ ಕುಳಿತವರಿಗೆ ಮಧ್ಯಾಹ್ನದ ನಂತರ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ. ಕೊಡೆ ಬಿಡಿಸಿದರೆ ಹಿಂದಿನ ಸಾಲಿನವರು ಬೈಯುತ್ತಾರೆ, ಬೈಯುವುದು ನ್ಯಾಯವೇ, ಟೊಪ್ಪಿ ಒಯ್ಯಿರಿ. ಮೊದಲು ಕಲಾತಂಡಗಳು, ಸ್ತಬ್ಧಚಿತ್ರಗಳು, ಕುದುರೆಗಳು, ಕೊನೆಗೆ ಅಂಬಾರಿ. ಡೊಳ್ಳು, ಕಂಸಾಳೆ, ವೀರಗಾಸೆ ತಂಡಗಳು ದಣಿಯುವ ಮುನ್ನ ಮೈತುಂಬಿ ಕುಣಿಯುವುದು ಅಲ್ಲಿಯೇ; ಮೆರವಣಿಗೆ ಮುಗಿಯುವ ಬನ್ನಿಮಂಟಪದತ್ತ ಸುಮಾರು 5 ಕಿಲೋಮೀಟರ್ ನಡೆದ ಮೇಲೆ ಅದೇ ಹುರುಪು ಯಾರಿಗೂ ಉಳಿಯದು. ಪುಷ್ಪಾರ್ಚನೆ, ರಾಷ್ಟ್ರಗೀತೆ, 21 ಕುಶಾಲತೋಪು ಇವೆಲ್ಲ ಅರಮನೆಯೊಳಗೆ ಇದ್ದವರಿಗೆ ಮಾತ್ರ ದಕ್ಕುವ ಸಂಗತಿಗಳು. ಆದರೆ ಅಂಬಾರಿ ಎದುರಿಗೆ ಬಂದ ಕ್ಷಣ ಮೊದಲ ಸಾಲು ಎದ್ದು ನಿಲ್ಲುತ್ತದೆ, ಅದರ ಹಿಂದೆ ಎಲ್ಲ ಸಾಲುಗಳೂ. ಐದು ಗಂಟೆ ಕಾದು ಹಿಡಿದ ಕುರ್ಚಿ ಆ ಮೂರು ನಿಮಿಷ ಯಾರ ಉಪಯೋಗಕ್ಕೂ ಬರುವುದಿಲ್ಲ.

ತಾಯಿ ಕುರ್ಚಿಯಲ್ಲಿಯೇ ಉಳಿದರು. ಜಿಲ್ಲೆಗಳ ಸ್ತಬ್ಧಚಿತ್ರ ಸಾಗುವಾಗ ಪ್ರತಿ ಸಲವೂ ಕೇಳುವಂತೆ ಆ ದಿನವೂ ಕೇಳಿದರು, "ನಮ್ಮ ಜಿಲ್ಲೆಯದ್ದು ಬರ್ಲಿಲ್ವಾ?" ದಕ್ಷಿಣ ಕನ್ನಡದ್ದನ್ನು ತೋರಿಸಿ ಅದೇ ನಮ್ಮದೆಂದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ಕ್ಕಿಂತ ಮೊದಲು, ಅದಿನ್ನೂ ದಕ್ಷಿಣ ಕನ್ನಡದಲ್ಲಿದ್ದಾಗ ಹುಟ್ಟಿದವರ ಹತ್ತಿರ ಬೇರೆ ಏನು ಹೇಳುವುದು?

2024ರಲ್ಲಿ ಗೋಲ್ಡ್ ಕಾರ್ಡ್ ಕೊಳ್ಳುವ ಧೈರ್ಯ ಬಂದದ್ದು ಪಂಚಾಂಗದ ಕೃಪೆಯಿಂದ. ಮೈಸೂರಿನ ಜಂಬೂಸವಾರಿ ಅಕ್ಟೋಬರ್ 12ಕ್ಕೆ, ಕೇರಳದಲ್ಲಿ ವಿಜಯದಶಮಿ 13ಕ್ಕೆ. ಎರಡಕ್ಕೂ ಒದಗಬಹುದು ಎಂದು ಲೆಕ್ಕ ಹಾಕಿದೆ. ಕಾರ್ಡಿನ ಬೆಲೆ ಒಬ್ಬರಿಗೆ 6,500 ರೂಪಾಯಿ, ಅರಮನೆಯ ಟಿಕೆಟ್ ಮಾತ್ರವಾದರೆ 3,500. "ಎಂತ ಭಾವಾ, ಆನೆ ನೋಡ್ಲಿಕ್ಕೆ ಇಷ್ಟು ದುಡ್ಡಾ? ಅಷ್ಟಕ್ಕೆ ಒಂದು ಕ್ವಿಂಟಾಲ್ ಅಕ್ಕಿ ಬರ್ತದಲ್ಲ ಮಾರಾಯ್ರೆ" ಎಂದು ನನ್ನ ಹೆಂಡತಿಯ ತಮ್ಮ ಎಚ್ಚರಿಸಿದ. ಜಂಬೂಸವಾರಿ, ಪಂಜಿನ ಕವಾಯತು ಎರಡಕ್ಕೂ ಅದರಲ್ಲಿ ಪ್ರವೇಶವಿದೆಯೆಂದು ನಾನು ವಾದಿಸಿದೆ. ಕಾಗದದ ಮೇಲೆ ವಾದ ಸರಿಯಾಗಿಯೇ ಇತ್ತು. ಅಂಬಾರಿ ಅರಮನೆಯಿಂದ ಹೊರಬಿದ್ದು ಜನ ಕದಲುವಾಗ 5.30 ದಾಟಿತ್ತು. ಮೆರವಣಿಗೆಯ ದಾರಿಯಲ್ಲಿ ವಾಹನವಿಲ್ಲ, ಪಕ್ಕದ ಬೀದಿಗಳಲ್ಲಿ ಜನವೇ ಜನ, ಆಟೋದವರು ಮೈದಾನದ ಹತ್ತಿರಕ್ಕೆ ಬರಲೊಪ್ಪರು. 7 ಗಂಟೆಯ ಹೊತ್ತಿಗೆ ಬನ್ನಿಮಂಟಪ ಮುಟ್ಟಬೇಕೆಂದರೆ ಬಿರುಸಾಗಿ ನಡೆಯಬೇಕು. ತಾಯಿಗೆ ಆಗದು, ಅವರನ್ನು ಬಿಟ್ಟು ಹೋಗಲು ನನಗಾಗದು. ಹೆಂಡತಿ ಮತ್ತು ಮಗ ನಡೆದರು. ನಾನೂ ತಾಯಿಯೂ ದೇವಸ್ಥಾನವೊಂದರ ಕಟ್ಟೆಯಲ್ಲಿ ಕುಳಿತು ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಹೊತ್ತಿದ್ದನ್ನು ಕಾಂಪೌಂಡಿನ ಮೇಲಿಂದ ನೋಡಿದೆವು. ಕಾರ್ಡಿನ ದೋಷ ಇದಲ್ಲ. ಎರಡು ಪ್ರದರ್ಶನಗಳ ನಡುವಿನ ಆ ಐದು ಕಿಲೋಮೀಟರನ್ನು ಯಾವ ಕಾರ್ಡೂ ಕಡಿಮೆ ಮಾಡುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ವೇಗವಾಗಿ ನಡೆಯಬಲ್ಲ ದಂಪತಿ ಇದಕ್ಕೆ ನಾಲ್ಕು ಅಂಕ ಕೊಟ್ಟರೂ ನಾನು ತಕರಾರು ಮಾಡುವುದಿಲ್ಲ.

ಹಿಂದಿರುಗುವ ದಾರಿಯದು ಇನ್ನೊಂದು ಪಾಠ. ಬೆಳಗ್ಗೆ ಪುಸ್ತಕ ತೆಗೆಯುವುದಕ್ಕೆ ಮನೆಯಲ್ಲಿರಬೇಕೆಂದು ರಾತ್ರಿಯೇ ಹೊರಟೆವು. ಮಡಿಕೇರಿಯಲ್ಲಿ ಅದೇ ರಾತ್ರಿ ದಶಮಂಟಪಗಳ, ಅಂದರೆ ಹತ್ತು ದೇವಸ್ಥಾನಗಳ ಚಲಿಸುವ ದೃಶ್ಯಗಳ, ಶೋಭಾಯಾತ್ರೆ ಇರುತ್ತದೆಂಬುದು ತಿಳಿದಿದ್ದರೂ ಹೊಳೆಯಲಿಲ್ಲ. ಊರಿನ ಹೊರಗೆ ಕಾರು ನಿಂತದ್ದು ನಿಂತೇ ಬಿಟ್ಟಿತು. ಮಗ ಇಳಿದು ಹೋಗಿ, ದೇವಿ ಅಸುರನನ್ನು ಕೊಲ್ಲುವ ಮಂಟಪವೊಂದನ್ನು ನಡುರಾತ್ರಿ ನಯಾ ಪೈಸೆ ಕೊಡದೆ ನೋಡಿ ಬಂದು, ಮೈಸೂರಿಗಿಂತ ಇದೇ ಚೆನ್ನಾಗಿದೆ ಎಂದ. 6,500 ರೂಪಾಯಿ ಕೊಟ್ಟವನಿಗೆ ಅದು ಕೇಳಲು ಹಿತವಾದ ಮಾತಲ್ಲ. ನಿಮ್ಮದೂ ಸುಳ್ಯದ ದಾರಿಯೇ ಆಗಿದ್ದರೆ ಆ ರಾತ್ರಿ ಕುಶಾಲನಗರಕ್ಕಿಂತ ಮುಂದೆ ಬರಬೇಡಿ.

ಈಗ ಪಂಜಿನ ಕವಾಯತು. 2023ರ ಅಕ್ಟೋಬರ್ 24ರಂದು ಚಿಕ್ಕ ಮಗಳ ವಿದ್ಯಾರಂಭ ಕಾಸರಗೋಡಿನ ಬಳಿಯ ಮಧೂರು ದೇವಸ್ಥಾನದಲ್ಲಿ. ಗಣಪತಿಯ ಅಪ್ಪದ ಪ್ರಸಾದ ಹಿಡಿದುಕೊಂಡು 8 ಗಂಟೆಗೆ ಹೊರಟವರು ಜಾಲ್ಸೂರು, ಮಡಿಕೇರಿ ದಾಟಿ ಮಧ್ಯಾಹ್ನ ಮೂರಕ್ಕೆ ಮೈಸೂರಿನ ಅಂಚಿಗೆ ಬಂದೆವು. ಜಂಬೂಸವಾರಿಗೆ ಅದು ಕೈಮೀರಿದ ಹೊತ್ತು. ಕವಾಯತಿಗೆ ಸರಿಯಾದ ಹೊತ್ತು. ಹುಣಸೂರು ರಸ್ತೆಯಿಂದ ನಗರದೊಳಗೆ ಇಳಿಯದೆ ಹೊರವರ್ತುಲ ರಸ್ತೆ ಹಿಡಿದು ಬೆಂಗಳೂರು ರಸ್ತೆಯ ಕಡೆಯಿಂದ ಬನ್ನಿಮಂಟಪಕ್ಕೆ ಬಂದರೆ ಮೆರವಣಿಗೆಯ ದಟ್ಟಣೆ ಬಹುಪಾಲು ತಪ್ಪುತ್ತದೆ. 5ಕ್ಕೆ ಒಳಗಿದ್ದೆವು. ಬಿಸಿಲು ಇಳಿದಿತ್ತು, ಕೂರಲು ಜಾಗ ಆಯ್ದುಕೊಳ್ಳುವಷ್ಟು ಖಾಲಿ ಇತ್ತು.

ಇಲ್ಲಿ ಜಾಗ ಆಯುವ ಲೆಕ್ಕ ಅರಮನೆಯದಕ್ಕೆ ತದ್ವಿರುದ್ಧ. ಅಲ್ಲಿ ಮುಂದಿನ ಸಾಲಿಗೆ ಬೆಲೆ. ಇಲ್ಲಿ ಮೇಲಿನ ಮೆಟ್ಟಿಲಿಗೆ. ಕತ್ತಲಲ್ಲಿ ನೂರಾರು ಪೊಲೀಸರು ಪಂಜು ಹಿಡಿದು ಸಾಲು ಮುರಿದು ಸಾಲು ಕಟ್ಟಿ ಆಕೃತಿಗಳನ್ನೂ ಅಕ್ಷರಗಳನ್ನೂ ಮೂಡಿಸುವಾಗ ನೆಲಮಟ್ಟದಲ್ಲಿ ಕುಳಿತವರಿಗೆ ಬೆಂಕಿಯ ಒಂದು ಗೆರೆ ಮಾತ್ರ ಕಾಣುತ್ತದೆ, ಮೇಲಿದ್ದವರಿಗೆ ಇಡೀ ವಿನ್ಯಾಸ ಬಿಡಿಸಿಟ್ಟಂತೆ ಕಾಣುತ್ತದೆ. ಅಕ್ಷರಗಳು ವಂದನೆ ಸ್ವೀಕರಿಸುವ ವೇದಿಕೆಯತ್ತ ಮುಖಮಾಡಿರುವುದರಿಂದ ವೇದಿಕೆಯ ಬದಿಯಲ್ಲಿ ಇರಲು ಪ್ರಯತ್ನಿಸಿ. ಎದುರು ಬದಿಯವರು ತಲೆಕೆಳಗಾಗಿ ಓದಬೇಕಾಗುತ್ತದೆ. 2023ರಲ್ಲಿ ನಾವು ಹಾಗೆಯೇ ಓದಿದೆವು, 2025ರಲ್ಲಿ ಸರಿಪಡಿಸಿಕೊಂಡೆವು. ಇನ್ನೊಂದು ಸೂಕ್ಷ್ಮ: ಸಿಡಿಮದ್ದು ಶುರುವಾಗುವ ಮೊದಲೇ ಗಾಳಿ ಯಾವ ಕಡೆಗೆಂದು ನೋಡಿಕೊಳ್ಳಿ, ಹೊಗೆ ಬರುವ ಬದಿಯಲ್ಲಿದ್ದರೆ ಮಕ್ಕಳಿಗೆ ಕೆಮ್ಮು ತಪ್ಪದು. ಅಶ್ವದಳದ ಸಾಹಸ, ಬೈಕುಗಳ ಆಟ, ದೀಪಗಳು ಇವುಗಳಲ್ಲಿ ಯಾವುದಕ್ಕೂ ಜನ ಎದ್ದು ನಿಲ್ಲಲಿಲ್ಲ. ತಾಯಿ ಮೊದಲ ಬಾರಿಗೆ ಆದಿಯಿಂದ ಅಂತ್ಯದವರೆಗೆ ಕೂತೇ ನೋಡಿದರು.

ಅಂಬಾರಿಯನ್ನು ನೋಡದೆ ದಸರೆ ನೋಡಿದಂತೆ ಆಗುತ್ತದೆಯೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿಯೂ ಬಂತು. ಅದಕ್ಕೆ ಮಗನೇ ದಾರಿ ಹುಡುಕಿದ. ದಸರೆಗೆ ಕೆಲವು ವಾರ ಮೊದಲಿನಿಂದಲೇ ಆನೆಗಳಿಗೆ ಅದೇ ಮಾರ್ಗದಲ್ಲಿ ತಾಲೀಮು ನಡೆಯುತ್ತದೆ. ಮೊದಲು ಮರಳಿನ ಮೂಟೆ ಹೊರಿಸುತ್ತಾರೆ, ಆಮೇಲೆ ಮರದ ಅಂಬಾರಿ. 2020ರಿಂದ ಚಿನ್ನದ ಅಂಬಾರಿ ಹೊತ್ತುಬಂದ ಅಭಿಮನ್ಯುವನ್ನು ಸೆಪ್ಟೆಂಬರಿನ ಒಂದು ಭಾನುವಾರ, ರಸ್ತೆ ಬದಿಯ ಚಹಾದಂಗಡಿಯ ಮುಂದೆ ನಿಂತು, ತಾಯಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನೋಡಿದೆವು. ಟಿಕೆಟ್ ಇಲ್ಲ, ನೂಕುನುಗ್ಗಲಿಲ್ಲ. ಚಿನ್ನ ಇರಲಿಲ್ಲ ನಿಜ. ಆದರೆ ಅರ್ಜುನನದಂಥದೇ ಪಾದ, ಅಷ್ಟೇ ಹತ್ತಿರದಿಂದ, ಈ ಸಲ ತಾಯಿಯ ಕಣ್ಣಿಗೂ ಬಿತ್ತು.

ಮುಂದಿನ ವರ್ಷಕ್ಕೂ ಪಂಜಿನ ಕವಾಯತಿನ ಟಿಕೆಟೇ ಎಂದು ತೀರ್ಮಾನವಾಗಿದೆ. ತಾಯಿಯ ಷರತ್ತು ಒಂದೇ: ಮೆಟ್ಟಿಲು ತಣ್ಣಗೆ ಕೊರೆಯುತ್ತದೆ, ಹಾಸಿಕೊಳ್ಳಲು ಎರಡು ಬೈರಾಸು (ಟವೆಲ್) ಮರೆಯದೆ ಕಾರಿನಲ್ಲಿ ಇಡಬೇಕು.