ಹೊಲದ ಪಾಲು, ಮೊಬೈಲ್ ಪೆಟ್ಟಿಗೆ, ರೈತರ ಸಂತೆ: ಮೂರರಲ್ಲಿ ಯಾವುದು?

ಒಂದು ಹಂಗಾಮಿನ ಉದ್ದಕ್ಕೂ ಮೂರು ದಾರಿಯಲ್ಲಿ ತರಕಾರಿ ತಂದು ನೋಡಿದೆ. ಹೊಲದ ಪಾಲೆಂದರೆ ಬಿತ್ತನೆಗೆ ಮೊದಲೇ ರೈತರಿಗೆ ಹಣ ಕೊಟ್ಟು, ಬೆಳೆದದ್ದರಲ್ಲಿ ವಾರವಾರವೂ ನಮ್ಮ ಪಾಲನ್ನು ಪಡೆಯುವುದು. ಎರಡನೆಯದು ಮೊಬೈಲ್‌ನಲ್ಲಿ ಆರಿಸಿದರೆ ಬಾಗಿಲಿಗೆ ಬರುವ ಪೆಟ್ಟಿಗೆ. ಮೂರನೆಯದು ವಾರಕ್ಕೊಮ್ಮೆ ಸೇರುವ ರೈತರ ಸಂತೆ.

ತಾಜಾತನದಲ್ಲಿ ಪೆಟ್ಟಿಗೆ ಸೋತಿತು. ಪಾಲಿನ ಚೀಲದ ಪಾಲಕ್ ದಂಟು ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತಿತ್ತು, ಬುಡದಲ್ಲಿ ಇನ್ನೂ ಒದ್ದೆ ಮಣ್ಣು. ಪೆಟ್ಟಿಗೆಯದು ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಸೊಪ್ಪು ಕೊಯ್ದ ಮೇಲೂ ಉಸಿರಾಡುತ್ತದೆ, ನೀರು ಕಳೆದುಕೊಳ್ಳುತ್ತದೆ. ಬಿಸಿಲಲ್ಲಿ ತಿರುಗಿದಷ್ಟೂ ಅದರ ಸಿ ಜೀವಸತ್ವ ಇಳಿಯುತ್ತದೆ. ಹಸಿ ಬಟಾಣಿಯ ಸಕ್ಕರೆ ಕೊಯ್ಲಿನ ಬೆನ್ನಲ್ಲೇ ಪಿಷ್ಟವಾಗತೊಡಗುತ್ತದೆ, ಆದ್ದರಿಂದ ಎರಡು ದಿನದ ವ್ಯತ್ಯಾಸವೂ ನಾಲಿಗೆಗೆ ತಿಳಿಯುತ್ತದೆ. ಸಂತೆಯ ಮಾಲು ಪಾಲಿಗೆ ಸಮವೇ, ಆದರೆ ಬೆಳಿಗ್ಗೆಯೇ ಹೋಗಬೇಕು, ‘ಇದು ನೀವೇ ಬೆಳೆದದ್ದೇ?’ ಎಂದು ಕೇಳಬೇಕು. ಬೇರೆಡೆಯಿಂದ ಸಗಟಾಗಿ ತಂದು ಮಾರುವವರೂ ಅಲ್ಲಿ ಕೂರುತ್ತಾರೆ.

ಆಯ್ಕೆ ಬೇಕೆಂದರೆ ಪೆಟ್ಟಿಗೆಯೇ ಮೇಲು. ಪಾಲಿನಲ್ಲಿ ನಾಲ್ಕು ವಾರ ಸತತವಾಗಿ ಮೂಲಂಗಿ ಬಂತು. ಎಲೆಯನ್ನು ಕತ್ತರಿಸದೆ ಹಾಗೆಯೇ ಬಿಟ್ಟರೆ ಅದು ಗಡ್ಡೆಯ ನೀರನ್ನು ಎಳೆದುಕೊಳ್ಳುತ್ತದೆ ಎಂದು ತಿಳಿದದ್ದು ಎರಡನೆಯ ವಾರದಲ್ಲಿ. ಆಮೇಲೆ ಮನೆಗೆ ಬಂದ ಕೂಡಲೇ ಎಲೆಯನ್ನು ಕತ್ತರಿಸಿ ಬೇರೆ ಇಡತೊಡಗಿದೆ.

ನಿಜವಾದ ಅಂತರ ಕಂಡದ್ದು ನಷ್ಟದ ವಾರದಲ್ಲಿ. ಬಿಡದ ಮಳೆಗೆ ಪಾಲಿನ ಹೊಲದ ಟೊಮೆಟೊ ಗಿಡಗಳಿಗೆ ಅಂಗಮಾರಿ ರೋಗ ತಗುಲಿತು. ಮೂರು ವಾರ ಚೀಲ ಹಗುರವಾಗಿಯೇ ಬಂತು, ಹಣ ವಾಪಸ್ ಇಲ್ಲ. ಬೇಸರವಾಗಿತ್ತು. ಹೊಲಕ್ಕೆ ಹೋಗಿ, ಕಪ್ಪಾದ ಗಿಡಗಳನ್ನು ರೈತರು ಒಂದೊಂದಾಗಿ ಕಿತ್ತು ರಾಶಿ ಹಾಕುವುದನ್ನು ಕಂಡ ಮೇಲೆ ಆ ಬೇಸರ ಉಳಿಯಲಿಲ್ಲ. ಪೆಟ್ಟಿಗೆಯಲ್ಲಾದರೆ ಬಾರದ ಟೊಮೆಟೊದ ಹಣ ನನಗೆ ಮರಳುತ್ತದೆ, ನಷ್ಟವೆಲ್ಲ ಬೆಳೆದವರ ತಲೆಗೆ. ಜಪಾನಿನಲ್ಲಿ 1970ರ ದಶಕದಲ್ಲಿ ಬೆಳೆದ, ರೈತರೂ ಕೊಳ್ಳುವವರೂ ನೇರವಾಗಿ ಕೈಜೋಡಿಸುವ ‘ಟೇಕೇ’ ಪದ್ಧತಿಯೂ, 1986ರಲ್ಲಿ ಅಮೆರಿಕದ ಎರಡು ಹೊಲಗಳಲ್ಲಿ ಆರಂಭವಾದ ಪಾಲಿನ ವ್ಯವಸ್ಥೆಯೂ ಉಣ್ಣುವವರನ್ನು ಬೆಳೆಯುವವರ ಜೊತೆ ನಿಲ್ಲಿಸಲೆಂದೇ ಹುಟ್ಟಿದವು. ಮುಂಗಡ ಹಣ ಕೈಯಲ್ಲಿದ್ದರೆ ಬೀಜಕ್ಕೆ ಸಾಲ ಹುಡುಕಬೇಕಿಲ್ಲ. ನನಗೆ ಇದು ರುಚಿಗಿಂತಲೂ ದೊಡ್ಡ ಕಾರಣ.

ಹಾಗೆಂದು ಪಾಲು ಎಲ್ಲರಿಗೂ ಒಗ್ಗುವುದಿಲ್ಲ. ಒಬ್ಬರೇ ಇರುವವರಿಗೆ, ಪದೇ ಪದೇ ಪ್ರಯಾಣಿಸುವವರಿಗೆ ಸಂತೆಯೇ ಸರಿ. ಪಾಲು ಬರೆಸುವವರು ಮೊದಲು ಕೇಳಬೇಕಾದದ್ದು ಇಷ್ಟು: ಎಷ್ಟು ವಾರ ಕೊಡುತ್ತೀರಿ, ಎಲ್ಲವೂ ನಿಮ್ಮ ಹೊಲದ್ದೇ, ನಾನಿಲ್ಲದ ವಾರದ ಚೀಲವನ್ನು ಬೇರೆಯವರು ಒಯ್ಯಬಹುದೇ? ಮೂರನೆಯದನ್ನು ಕೇಳದೆ ನಾನು ಎರಡು ಚೀಲ ಕಳೆದುಕೊಂಡೆ.

ಮುಂದಿನ ಹಂಗಾಮಿಗೆ ಅರ್ಧ ಪಾಲು ಬರೆಸಿದ್ದೇನೆ. ಈರುಳ್ಳಿ, ಆಲೂಗಡ್ಡೆಗೆ ಸಂತೆ ಇದ್ದೇ ಇದೆ. ಪೆಟ್ಟಿಗೆಯನ್ನು ನಿಲ್ಲಿಸಿದ್ದೇನೆ.