ಒಂದೇ ಬೀಜ, ನಾಲ್ಕು ಪಾತ್ರೆ: ನಮ್ಮ ಮನೆಯ ಕಾಫಿ ಹೋಲಿಕೆ

ಬಾಗಲಕೋಟೆಯಲ್ಲಿ ಯಾರ ಮನೆಗೆ ಹೋದರೂ ಮೊದಲು ಬರುವುದು ಚಾ. ನಮ್ಮ ಮನೆಯೂ ಹಾಗೇ ಇತ್ತು. ಆದರೆ ನಾನು ಹಾಸನದಲ್ಲಿ ಎರಡು ವರ್ಷ ಓದಿದವಳು. ನಾನಿದ್ದ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆಲ್ಲ ಫಿಲ್ಟರ್ ತೊಟ್ಟಿಕ್ಕಲು ಶುರುವಾಗುತ್ತಿತ್ತು. ಆ ಘಮ ನನ್ನನ್ನು ಬಿಡಲೇ ಇಲ್ಲ. ಮದುವೆಯಾಗಿ ಬಾಗಲಕೋಟೆಯ ನವನಗರಕ್ಕೆ ಬಂದ ಮೇಲೆ ಅದೇ ಕಾಫಿ ಮಾಡಲು ಹೋದೆ, ಬರಲಿಲ್ಲ. ಪುಡಿ ಬದಲಿಸಿದೆ, ಹಾಲು ಬದಲಿಸಿದೆ. ಆಗಲೂ ಬರಲಿಲ್ಲ.

ಕೊನೆಗೆ ಕಳೆದ ಚಳಿಗಾಲದಲ್ಲಿ ಒಂದು ನಿರ್ಧಾರ ಮಾಡಿದೆ. ಒಂದೇ ಬೀಜ ತರಿಸಿ, ನಾಲ್ಕು ಬಗೆಯ ಪಾತ್ರೆಯಲ್ಲಿ ಮಾಡಿ ನೋಡುವುದು. ನಮ್ಮ ಸ್ಟೀಲ್ ಫಿಲ್ಟರ್, ಇಟಲಿಯ ಮೋಕಾ ಪಾಟ್, ಜಾಲರಿಯ ಒತ್ತುಗೋಲಿರುವ ಫ್ರೆಂಚ್ ಪ್ರೆಸ್, ಮತ್ತೆ ಕಾಗದದ ಸೋಸುಕದಲ್ಲಿ ನೀರು ಸುರಿಯುವ ವಿ60. ಬೀಜ ಚಿಕ್ಕಮಗಳೂರಿನ ಅರೇಬಿಕಾ, ಹದವಾಗಿ ಹುರಿದದ್ದು, ಪೊಟ್ಟಣದ ಮೇಲೆ ಹುರಿದ ದಿನಾಂಕ ಇರುವಂಥದ್ದು. ಒಮ್ಮೆಗೆ ಕಾಲು ಕೆಜಿ ಮಾತ್ರ ತರಿಸುತ್ತಿದ್ದೆ. ಕುಡಿದು ಹೇಳುವವರು ಮೂವರು: ನಾನು, ನಮ್ಮ ಮನೆಯವರು, ಅತ್ತೆ. ಯಾವ ಲೋಟದಲ್ಲಿ ಯಾವುದು ಅಂತ ಅವರಿಬ್ಬರಿಗೆ ಹೇಳುತ್ತಿರಲಿಲ್ಲ.

ಮೊದಲ ಸುತ್ತಿನಲ್ಲಿ ನಾಲ್ಕೂ ಒಂದೇ ಥರ ಸಪ್ಪೆ. ಕಹಿ ಇತ್ತು, ಬಾಯಲ್ಲಿ ಸುಣ್ಣದಂಥ ಒಗರು ಉಳಿಯುತ್ತಿತ್ತು. ಅತ್ತೆ ಒಂದು ಗುಟುಕು ಕುಡಿದು, "ಏನವಾ, ನಾಕೂ ಒಂದ ಅದಾವಲ್ಲ" ಅಂದರು. ನಾಲ್ಕು ಬೇರೆ ಪಾತ್ರೆಯಿಂದ ಒಂದೇ ರುಚಿ ಬಂದರೆ ತಪ್ಪು ಪಾತ್ರೆಯದ್ದಲ್ಲ, ಅಲ್ವಾ? ನಾಲ್ಕಕ್ಕೂ ಹಾಕಿದ್ದು ಒಂದೇ ನೀರು. ನಮ್ಮ ಬೋರ್‌ವೆಲ್ ನೀರು.

ನೀರು ಕಾಯಿಸುವ ಪಾತ್ರೆಯ ತಳ ನೋಡಿದರೆ ಬಿಳಿ ಪದರು ಕಟ್ಟಿತ್ತು. ನೀರಿನಲ್ಲಿ ಕರಗಿದ ಲವಣ ಅಳೆಯುವ, ಪೆನ್ನಿನಂಥ ಟಿಡಿಎಸ್ ಮೀಟರ್ ತರಿಸಿ ಅದ್ದಿದೆ. ಬೋರ್ ನೀರು ಲೀಟರಿಗೆ 1100 ಮಿಲಿಗ್ರಾಂ ತೋರಿಸಿತು. ನಲ್ಲಿ ನೀರು 320. ಆರ್‌ಒ ನೀರು 30. ಕಾಫಿಗೆ 150ರ ಆಸುಪಾಸು ಒಳ್ಳೆಯದು, 75ರಿಂದ 250ರವರೆಗೆ ನಡೆಯುತ್ತದೆ ಅಂತ ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್ನಿನವರು ಇಟ್ಟುಕೊಂಡ ಲೆಕ್ಕವಿತ್ತು. ಮೀಟರ್ ತೋರಿಸುವುದು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು, ಗಡಸುತನ ಒಂದನ್ನೇ ಅಲ್ಲ. ಆದರೂ ದಾರಿ ತೋರಿಸಲು ಅಷ್ಟು ಸಾಕು. ಕಾಯಿಸಿದಾಗ ಬಿಳಿ ಪದರು ಕಟ್ಟುವ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ ಇರುತ್ತದೆ. ಅದು ಕಾಫಿಯೊಳಗಿನ ಹಿತವಾದ ಹುಳಿಯನ್ನು ಸಾಯಿಸುತ್ತದೆ. ಹುಳಿ ಹೋದರೆ ಉಳಿಯುವುದು ಕಹಿ ಮಾತ್ರ.

ಹಾಗಂತ ಬರೀ ಆರ್‌ಒ ನೀರೂ ಸರಿಹೋಗಲಿಲ್ಲ. ಹುಳಿ ಚುಚ್ಚುವಂತೆ ಬಂತು, ಮೈಯೇ ಇಲ್ಲದ ಕಾಫಿ. ಬೀಜದಿಂದ ರುಚಿ ಎಳೆಯಲು ನೀರಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಲೇಬೇಕು. ಅರ್ಧ ನಲ್ಲಿ ನೀರು, ಅರ್ಧ ಆರ್‌ಒ ಬೆರೆಸಿದೆ. ಮೀಟರ್ 175 ತೋರಿಸಿತು. ಅವತ್ತು ಸಂಜೆಯ ಕಾಫಿಯಲ್ಲಿ ಮೊದಲ ಸಲ ಹಾಸನದ ಆ ಮನೆ ನೆನಪಾಯಿತು. ಪಾತ್ರೆಗೆ ದುಡ್ಡು ಹಾಕುವ ಮೊದಲು ನಮ್ಮ ಕಡೆಯವರು ನೀರು ನೋಡಿಕೊಳ್ಳಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ನೀರು ಸರಿಹೋದ ಮೇಲೆ ಪುಡಿಯ ಸರದಿ. ಇಲ್ಲಿ ಮೂರು ದಾರಿ ಹೋಲಿಸಿದೆ: ಅಂಗಡಿಯ ಪುಡಿ, ಮಿಕ್ಸಿಯಲ್ಲಿ ಮಾಡಿದ ಪುಡಿ, ಕೈಯಲ್ಲಿ ತಿರುಗಿಸುವ ಗ್ರೈಂಡರ್. ಅಂಗಡಿಯ ಪುಡಿ ಪೊಟ್ಟಣ ಒಡೆದ ದಿನ ಚೆನ್ನಾಗಿತ್ತು, ಎರಡನೇ ವಾರಕ್ಕೆ ರಟ್ಟಿನ ವಾಸನೆ. ಇದು ಅತ್ತೆಗೆ ಏನೂ ಹೊಸದಾಗಿ ಕಾಣಲಿಲ್ಲ. "ಜ್ವಾಳದ ಹಿಟ್ಟು ತಿಂಗಳ ಇಟ್ರ ಜಿಗಿ ಹೋಗತೈತಿ, ರೊಟ್ಟಿ ಬಡಿಯಾಕ ಬರಂಗಿಲ್ಲ. ಇದೂ ಹಂಗ" ಅಂದರು. ಕಾಳಾಗಿದ್ದಾಗ ಒಳಗೆ ಭದ್ರವಾಗಿರುವುದು ಹಿಟ್ಟಾದ ಮೇಲೆ ಗಾಳಿಗೆ ಸಿಗುತ್ತದೆ. ಕಾಫಿಯಲ್ಲಿ ಇದು ಇನ್ನೂ ಬೇಗ.

ಮಿಕ್ಸಿ ಬೀಜವನ್ನು ಬೀಸುವುದಿಲ್ಲ, ಕತ್ತರಿಸುತ್ತದೆ. ಒಂದಷ್ಟು ಧೂಳು, ಒಂದಷ್ಟು ದಪ್ಪ ಚೂರು. ಧೂಳಿನಿಂದ ಕಹಿ ಬೇಗ ಬಿಡುತ್ತದೆ, ದಪ್ಪ ಚೂರು ಅರ್ಧಂಬರ್ಧ ಬಿಟ್ಟು ಹುಳಿ ಕೊಡುತ್ತದೆ. ಒಂದೇ ಲೋಟದಲ್ಲಿ ಕಹಿಯೂ ಹುಳಿಯೂ ಜಗಳವಾಡುತ್ತವೆ. ಕೈ ಗ್ರೈಂಡರ್ ನಮ್ಮ ಬೀಸುವ ಕಲ್ಲಿನ ಹಾಗೆ. ಎರಡು ಹಲ್ಲಿನ ಚಕ್ರಗಳ ನಡುವಿನ ಸಂದು ಎಷ್ಟೋ, ಪುಡಿ ಅಷ್ಟು. ತಿರುಪು ತಿರುಗಿಸಿ ಸಂದು ಹೆಚ್ಚು ಕಡಿಮೆ ಮಾಡಬಹುದು. ಫಿಲ್ಟರ್‌ಗೆ ಮತ್ತು ಮೋಕಾಕ್ಕೆ ಚಿರೋಟಿ ರವೆಯಷ್ಟು, ವಿ60ಗೆ ಉಪ್ಪಿಟ್ಟಿನ ರವೆಯಷ್ಟು, ಫ್ರೆಂಚ್ ಪ್ರೆಸ್‌ಗೆ ಅದಕ್ಕೂ ದಪ್ಪ, ಸಣ್ಣ ಗೋಧಿ ನುಚ್ಚಿನಷ್ಟು. 20 ಗ್ರಾಂ ಬೀಸಲು ಎರಡು ನಿಮಿಷ ಬೇಕು. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ನಾನು ಮಾಡಿದ ಖರ್ಚಿನಲ್ಲೆಲ್ಲ ಹೆಚ್ಚು ಫಲ ಕೊಟ್ಟಿದ್ದು ಇದೇ.

ಈಗ ಪಾತ್ರೆಗಳಿಗೆ ಬರೋಣ.

ಸ್ಟೀಲ್ ಫಿಲ್ಟರ್ ನನಗೆ ಗೊತ್ತಿದ್ದ ಪಾತ್ರೆ ಅಂದುಕೊಂಡಿದ್ದೆ. ಆದರೆ ಕೈಯಲ್ಲಿ ಬೀಸಿದ ಶುದ್ಧ ಕಾಫಿ ಪುಡಿ ಹಾಕಿದಾಗ ನೀರು ಐದೇ ನಿಮಿಷದಲ್ಲಿ ಇಳಿದುಹೋಯಿತು. ಡಿಕಾಕ್ಷನ್ ತೆಳ್ಳಗೆ. ಆಮೇಲೆ ತಿಳಿಯಿತು, ಅಂಗಡಿಯ ಪುಡಿಯಲ್ಲಿ ನೀರನ್ನು ತಡೆದು ನಿಲ್ಲಿಸುತ್ತಿದ್ದದ್ದು ಚಿಕೋರಿ. ಅದು ನೀರು ಕುಡಿದು ಜಿಗುಟಾಗುತ್ತದೆ, ತೊಟ್ಟಿಕ್ಕುವುದು ನಿಧಾನವಾಗುತ್ತದೆ, ಡಿಕಾಕ್ಷನ್‌ಗೆ ಬಣ್ಣ ಮತ್ತು ಮೈ ಬರುತ್ತದೆ. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲ. ನಮ್ಮ ದೇಶದ ನಿಯಮದಲ್ಲಿ ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಪಾಲು ಇರಬೇಕು. ಅಂದರೆ 49 ಪಾಲು ಚಿಕೋರಿ ಇದ್ದರೂ ಮಾರಬಹುದು. ಪೊಟ್ಟಣದ ಹಿಂಬದಿ ಓದಿ ತನ್ನಿ. ನಾನು ಮೊದಲು ತರುತ್ತಿದ್ದ ಪುಡಿಯಲ್ಲಿ 40 ಪಾಲು ಇತ್ತು.

ಚಿಕೋರಿ ಬೇರೆಯಾಗಿ ತರಿಸಿ ಬೆರೆಸಿ ನೋಡಿದೆ. 17 ಗ್ರಾಂ ಕಾಫಿಗೆ 3 ಗ್ರಾಂ ಚಿಕೋರಿ ನಮ್ಮ ಮನೆಗೆ ಸರಿಹೋಯಿತು. ಫಿಲ್ಟರ್ ಜೊತೆ ಬರುವ ತೂತಿನ ಬಿಲ್ಲೆಯಿಂದ ಪುಡಿಯನ್ನು ಮೆಲ್ಲಗೆ ಒತ್ತಿ, ಅದರ ಮೇಲೆ 120 ಎಂ.ಎಲ್. ನೀರು. ಬಾಗಲಕೋಟೆ ಸುಮಾರು 530 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಹತ್ತಿರ. ಹಾಗಾಗಿ ಫಿಲ್ಟರ್‌ಗೆ ನೀರು ಆರಿಸುತ್ತಾ ಕೂರುವುದಿಲ್ಲ, ಕುದಿ ನಿಂತ ತಕ್ಷಣ ಹಾಕುತ್ತೇನೆ. ಪುಡಿ ತನ್ನ ತೂಕದ ಎರಡರಷ್ಟು ನೀರು ತಾನೇ ಹಿಡಿದುಕೊಳ್ಳುತ್ತದೆ. ಇಪ್ಪತ್ತು ನಿಮಿಷಕ್ಕೆ 80 ಎಂ.ಎಲ್. ಗಟ್ಟಿ ಡಿಕಾಕ್ಷನ್ ಸಿಗುತ್ತದೆ, ಎರಡು ಲೋಟಕ್ಕೆ ಸಾಕು. ತೊಟ್ಟಿಕ್ಕುವುದು ನಿಂತರೆ ಮೇಲಿನ ಡಬ್ಬಿಯನ್ನು ಒಂದು ಸಲ ಸ್ವಲ್ಪ ಎತ್ತಿ ಇಡಿ. ಒಳಗೆ ಸಿಕ್ಕಿಕೊಂಡ ಗಾಳಿ ಬಿಡುಗಡೆಯಾಗಿ ಮತ್ತೆ ಶುರುವಾಗುತ್ತದೆ.

ನಮ್ಮ ಮನೆಗೆ ಬರುವುದು ಎಮ್ಮೆ ಹಾಲು. ಜಿಡ್ಡು ಆರೇಳು ಪಾಲು. ಇಷ್ಟು ಗಟ್ಟಿ ಹಾಲಿನ ಎದುರು ನಿಲ್ಲುವ ತಾಕತ್ತು ನಾಲ್ಕರಲ್ಲಿ ಎರಡಕ್ಕೇ ಇತ್ತು, ಫಿಲ್ಟರ್ ಮತ್ತು ಮೋಕಾ. ಫಿಲ್ಟರ್ ಕಾಫಿ ಹಾಲಿನ ಜೊತೆ ಕೂಡಿಕೊಳ್ಳುತ್ತದೆ. ಬೆಲ್ಲದಂಥ ಸಿಹಿ ಕೊನೆಯಲ್ಲಿ ಉಳಿಯುತ್ತದೆ. ಅತ್ತೆ ಮೂರು ಸಲ ಹೆಸರು ತಿಳಿಯದೇ ಇದನ್ನೇ ಆರಿಸಿದರು.

ಮೋಕಾ ಪಾಟ್ 1933ರಿಂದ ಇಟಲಿಯ ಅಡುಗೆಮನೆಗಳಲ್ಲಿದೆ, ಬಿಯಾಲೆಟ್ಟಿ ಎಂಬ ಕಂಪನಿ ತಂದದ್ದು. ಕೆಳಗಿನ ಪಾತ್ರೆಯ ನೀರು ಬಿಸಿಯಾಗಿ, ಹಬೆಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರುತ್ತದೆ. ಇದನ್ನು ಮನೆಯ ಎಸ್ಪ್ರೆಸೊ ಅಂತ ಮಾರುತ್ತಾರೆ, ಅದು ಸರಿಯಲ್ಲ. ಎಸ್ಪ್ರೆಸೊ ಯಂತ್ರದ ಒತ್ತಡ 9 ಬಾರ್, ಇದರದ್ದು ಒಂದೆರಡು ಬಾರ್ ಅಷ್ಟೇ. ಆದರೂ ಇದರ ವೇಗಕ್ಕೆ ಸಾಟಿ ಇಲ್ಲ. ಐದು ನಿಮಿಷಕ್ಕೆ ಗಟ್ಟಿ ಕಾಫಿ.

ಮೊದಮೊದಲು ನನ್ನದು ಸುಟ್ಟ ರುಚಿ ಬರುತ್ತಿತ್ತು. ಎರಡು ತಪ್ಪು ಮಾಡುತ್ತಿದ್ದೆ. ತಣ್ಣೀರು ಹಾಕಿ ದೊಡ್ಡ ಉರಿಯಲ್ಲಿ ಇಡುತ್ತಿದ್ದೆ, ಪುಡಿಯನ್ನು ಬೆರಳಿಂದ ಅದುಮುತ್ತಿದ್ದೆ. ಈಗ ಕುದಿಸಿದ ನೀರನ್ನೇ ಸುರಕ್ಷಾ ಕವಾಟಕ್ಕಿಂತ ಕೆಳಗೆ ನಿಲ್ಲುವಂತೆ ಹಾಕುತ್ತೇನೆ. ಪುಡಿ ಸುಮ್ನೆ ತುಂಬಿ ಸಮ ಮಾಡುತ್ತೇನೆ, ಅದುಮುವುದಿಲ್ಲ. ಸಣ್ಣ ಉರಿ, ಮುಚ್ಚಳ ತೆರೆದೇ. ಬುರಬುರ ಸದ್ದು ಶುರುವಾಗುವ ಹೊತ್ತಿಗೆ ಇಳಿಸಿ, ತಳಕ್ಕೆ ಒದ್ದೆ ಬಟ್ಟೆ ಸುತ್ತುತ್ತೇನೆ. ಇಷ್ಟು ಮಾಡಿದರೆ ಚಾಕಲೇಟಿನಂಥ ದಟ್ಟ ರುಚಿ ಬರುತ್ತದೆ. ನಮ್ಮ ಗ್ಯಾಸ್ ಒಲೆಯ ಕಡ್ಡಿಗಳ ಮೇಲೆ ಈ ಪುಟ್ಟ ಪಾತ್ರೆ ನಿಲ್ಲುವುದಿಲ್ಲ. ಮೇಲೆ ಇಡಲು ಒಂದು ಸಣ್ಣ ಜಾಲರಿ ಬೇಕಾಯಿತು. ನಮ್ಮ ಮನೆಯವರು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಇದನ್ನೇ ಕೇಳುತ್ತಾರೆ.

ವಿ60 ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀಜದ ನಿಜವಾದ ರುಚಿ ತಿಳಿಯಬೇಕೆಂದರೆ ಇದರಷ್ಟು ಸ್ವಚ್ಛವಾಗಿ ತೋರಿಸುವುದು ಮತ್ತೊಂದಿಲ್ಲ. 15 ಗ್ರಾಂಗೆ 250 ಎಂ.ಎಲ್. ನೀರು, ಮೊದಲು ಪುಡಿ ನೆನೆಯುವಷ್ಟು ಹಾಕಿ ಅರ್ಧ ನಿಮಿಷ ಬಿಟ್ಟು, ಆಮೇಲೆ ಉಳಿದದ್ದು. ಕಿತ್ತಳೆ ಸಿಪ್ಪೆಯ ಘಮ ನನಗೆ ಸಿಕ್ಕಿದ್ದು ಇದರಲ್ಲೇ. ಆದರೆ ಹಾಲು ಹಾಕಿದರೆ ಏನೂ ಉಳಿಯುವುದಿಲ್ಲ. ಕಾಗದವನ್ನು ಪ್ರತಿ ಸಲ ದೂರದಿಂದ ತರಿಸಬೇಕು. ಕಪ್ಪು ಕಾಫಿ ಕುಡಿಯುವವರು ಒಬ್ಬರೂ ಇಲ್ಲದ ಮನೆಗೆ ಇದು ಬೇಡ.

ಫ್ರೆಂಚ್ ಪ್ರೆಸ್ ಅತಿ ಸುಲಭ. ದಪ್ಪ ಪುಡಿ, ಬಿಸಿ ನೀರು, ನಾಲ್ಕು ನಿಮಿಷ. ಮೇಲಿನ ಪದರ ಕಲಕಿ, ನೊರೆ ತೆಗೆದು, ಇನ್ನೂ ಐದು ನಿಮಿಷ ಬಿಟ್ಟರೆ ಗಷ್ಟು ತಳಕ್ಕೆ ಕೂರುತ್ತದೆ. ಬಿಸಿ ಕಾಫಿಯಲ್ಲಿ ಇದಕ್ಕೆ ನನ್ನ ಮನೆಯಲ್ಲಿ ನಾಲ್ಕನೇ ಸ್ಥಾನ. ಇದರಲ್ಲಿ ಕಾಫಿಯ ಎಣ್ಣೆ ಸೋಸಿ ಹೋಗುವುದಿಲ್ಲ. ಅದರಲ್ಲಿರುವ ಕೆಫೆಸ್ಟಾಲ್ ಕೊಲೆಸ್ಟರಾಲ್ ಏರಿಸುತ್ತದೆ. ಅದನ್ನು ಹಿಡಿಯುವುದು ಕಾಗದ. ಕೊಲೆಸ್ಟರಾಲ್ ಇರುವವರು ದಿನವೂ ಇದನ್ನು ಕುಡಿಯುವ ಮೊದಲು ಡಾಕ್ಟರನ್ನು ಕೇಳಿ.

ಆದರೆ ಏಪ್ರಿಲ್ ಬಂತು, ಬಿಸಿಲು 40 ದಾಟಿತು. ಬಿಸಿ ಕಾಫಿ ಯಾರಿಗೂ ಬೇಡವಾಯಿತು. ಆಗ 50 ಗ್ರಾಂ ದಪ್ಪ ಪುಡಿಗೆ ಅರ್ಧ ಲೀಟರ್ ತಣ್ಣೀರು ಹಾಕಿ, ಅದೇ ಫ್ರೆಂಚ್ ಪ್ರೆಸ್ಸನ್ನು ರಾತ್ರಿ ಫ್ರಿಜ್‌ನಲ್ಲಿ ಇಟ್ಟೆ. ಹನ್ನೆರಡು ತಾಸಿನ ನಂತರ ಒತ್ತಿ ಬಗ್ಗಿಸಿದರೆ ಕಹಿಯೇ ಇಲ್ಲದ, ತಂಪಾದ ಕಾಫಿ. ತಣ್ಣನೆ ಹಾಲು, ಸ್ವಲ್ಪ ಬೆಲ್ಲದ ಪಾಕ. ಮಧ್ಯಾಹ್ನ ಮೂರಕ್ಕೆ ಪಕ್ಕದ ಮನೆಯ ಅಕ್ಕ ಬಂದಾಗ ಅತ್ತೆ ಅಡುಗೆಮನೆ ಕಡೆ ತಿರುಗಿ ಕೂಗಿದರು: "ಚಾ ಇಡಬ್ಯಾಡವಾ. ಆ ಥಂಡ ಕಾಫಿ ಎರಡ ಲೋಟ ತಾ."