ಹಳೆಯ ಆಲ್ಟೊದ ಬ್ರೇಕ್ ಹಿಡಿತ ಬಿಡಿಸಿದ ಕಟಪಾಡಿಯ ಗ್ಯಾರೇಜು

ಉಡುಪಿ ಜಿಲ್ಲೆಯ ಕಾಪುವಿನಲ್ಲಿರುವ ನಮ್ಮ ಮನೆಯ ಅಂಗಳದಿಂದ ಗೇಟಿನವರೆಗೆ ಒಂದು ಸಣ್ಣ ಇಳಿಜಾರು ಇದೆ. 2009ರಲ್ಲಿ ಕೊಂಡ 796 ಸಿಸಿಯ ಮಾರುತಿ ಆಲ್ಟೊ, ಹ್ಯಾಂಡ್ ಬ್ರೇಕ್ ಬಿಟ್ಟು ನ್ಯೂಟ್ರಲ್‌ಗೆ ಹಾಕಿದ ಕೂಡಲೇ ತಾನಾಗಿ ಗೇಟಿನತ್ತ ಸರಿಯುತ್ತಿತ್ತು. ಸುಮಾರು ಒಂದು ವರ್ಷದಿಂದ ಅದು ನಿಂತಲ್ಲೇ ನಿಲ್ಲತೊಡಗಿತು. ಅಂಗಳದ ಮಣ್ಣು ತಗ್ಗಿರಬೇಕೆಂದು ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದೇ ಅವಧಿಯಲ್ಲಿ ಲೀಟರಿಗೆ ಹದಿನಾರರ ಆಸುಪಾಸಿನಲ್ಲಿದ್ದ ಮೈಲೇಜ್ 13.8ಕ್ಕೆ ಇಳಿದಿತ್ತು. ಕೆಲಸಕ್ಕಾಗಿ ಮಂಗಳೂರಿನ ಕುಳೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನಕ್ಕೆ ಸುಮಾರು 80 ಕಿ.ಮೀ. ಓಡಾಡುವ ನನಗೆ, ಪೆಟ್ರೋಲ್ ಬೆಲೆ ಲೀಟರಿಗೆ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ, ಇದು ಸಣ್ಣ ನಷ್ಟವಲ್ಲ. ಈ ಎರಡು ಸಂಗತಿಗಳು ಒಂದೇ ಕಾಯಿಲೆಯ ಎರಡು ಲಕ್ಷಣಗಳೆಂದು ನನಗೆ ತಿಳಿಸಿಕೊಟ್ಟದ್ದು ಕಟಪಾಡಿಯ ಒಂದು ಚಿಕ್ಕ ಗ್ಯಾರೇಜು. ಅದರ ಕೆಲಸದ ಕುರಿತು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ನಾನು ಬೇರೊಂದು ಕಡೆ ಎರಡು ಸಲ ಕಾರನ್ನು ತೋರಿಸಿದ್ದೆ. ಅಲ್ಲಿ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಏರ್ ಫಿಲ್ಟರ್ ಹಾಕಿದರು. ಎರಡನೆಯ ಸಲ, ಗಾಡಿಗೆ ವಯಸ್ಸಾಯಿತು, ಎಂಜಿನ್ ಬಿಚ್ಚಿ ಪಿಸ್ಟನ್ ರಿಂಗ್ ಹಾಕಿಸಬೇಕು ಎಂದರು. ಚಕ್ರವನ್ನು ಎತ್ತಿ ತಿರುಗಿಸಿ ನೋಡಬೇಕೆಂದು ಯಾರಿಗೂ ತೋಚಲಿಲ್ಲ. ಎಂಜಿನ್ ಹೊಗೆ ಬಿಡುತ್ತಿರಲಿಲ್ಲ, ಆಯಿಲ್ ಕಡಿಮೆಯಾಗುತ್ತಿರಲಿಲ್ಲ. ಆದ್ದರಿಂದ ಆ ಮಾತನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ.

ಕಟಪಾಡಿ ಪೇಟೆಯಿಂದ ಶಂಕರಪುರದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಶೀಟಿನ ಮಾಡಿನ ಕೆಳಗೆ ಈ ಗ್ಯಾರೇಜು ಇದೆ. ಮಾಲೀಕರು ಮತ್ತು ಒಬ್ಬ ಹುಡುಗ, ಇಬ್ಬರೇ ಕೆಲಸ ಮಾಡುವವರು. ಈಗಿರುವಷ್ಟು ಕೆಲಸವನ್ನೇ ಮುಗಿಸಲಾಗುತ್ತಿಲ್ಲ, ಹೆಸರು ಬರೆಯಬೇಡಿ ಎಂದು ಅವರು ಕೇಳಿಕೊಂಡಿರುವುದರಿಂದ ಹೆಸರನ್ನು ಇಲ್ಲಿ ಹಾಕಿಲ್ಲ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಕೊನೆಯ ವಾರದಲ್ಲಿ ನಾನು ಅಲ್ಲಿಗೆ ಹೋದೆ. ಮೈಲೇಜ್ ಬಿದ್ದಿದೆ ಎಂದಾಗ ಅವರು ಬಾನೆಟ್ ತೆರೆಯಲಿಲ್ಲ. "ಹೆದ್ದಾರಿಯಿಂದ ನೇರ ಬಂದದ್ದಲ್ವಾ? ಮೊದಲು ಚಕ್ರ ನೋಡುವ ಮಾರಾಯ್ರೆ" ಎಂದು ಹೇಳಿ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಮುಂದಿನ ಎರಡು ಚಕ್ರಗಳ ಬ್ರೇಕ್ ತಟ್ಟೆಗಳಿಗೆ, ಅಂದರೆ ಡಿಸ್ಕ್‌ಗಳಿಗೆ ಹಿಡಿದರು. ಎಡಗಡೆ 118 ಡಿಗ್ರಿ, ಬಲಗಡೆ 64 ಡಿಗ್ರಿ ಸೆಲ್ಸಿಯಸ್. ಎರಡೂ ಕಡೆ ಒಂದೇ ಪೆಡಲ್‌ನಿಂದ ಒಂದೇ ಒತ್ತಡ ಹೋಗುವ ಬ್ರೇಕಿನಲ್ಲಿ ಇಷ್ಟು ವ್ಯತ್ಯಾಸ ಬಂದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಒಂದು ಕಡೆ ಬಿಡುತ್ತಿಲ್ಲ ಎಂದೇ ಅರ್ಥ.

ಆಮೇಲೆ ಅವರು ಮಾಡಿದ ಪರೀಕ್ಷೆಯೇ ಈ ಗ್ಯಾರೇಜಿನ ನಿಜವಾದ ಹೆಚ್ಚುಗಾರಿಕೆ. ಬ್ರೇಕ್ ಪೆಡಲನ್ನು ಮೂರು ಸಲ ಗಟ್ಟಿಯಾಗಿ ಒತ್ತಿ ಬಿಟ್ಟು, ಒಂದು ನಿಮಿಷ ಕಾದು, ಒಂದೊಂದೇ ಚಕ್ರವನ್ನು ಜಾಕ್‌ನಲ್ಲಿ ಎತ್ತಿ ಸ್ಟ್ಯಾಂಡ್ ಕೊಟ್ಟು, ಟಯರಿನ ಸುತ್ತ ಒಂದು ಹಗ್ಗ ಸುತ್ತಿ, ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಹಗ್ಗದ ತುದಿಗೆ ಸಿಕ್ಕಿಸಿ ನಿಧಾನವಾಗಿ ಎಳೆದರು. ಚಕ್ರ ಒಂದೇ ಸಮನೆ ತಿರುಗುವಾಗ ಮುಳ್ಳು ಎಷ್ಟು ತೋರಿಸುತ್ತದೆ ಎಂಬುದನ್ನು ಹುಡುಗ ಪುಸ್ತಕದಲ್ಲಿ ಬರೆದುಕೊಂಡ. ಮುಂದಿನ ಎಡ ಚಕ್ರ 4.2 ಕೆ.ಜಿ., ಮುಂದಿನ ಬಲ 1.5, ಹಿಂದಿನ ಬಲ 3.4, ಹಿಂದಿನ ಎಡ 1.1. ಆಲ್ಟೊದಲ್ಲಿ ಮುಂದಿನ ಚಕ್ರಗಳಿಗೆ ಡ್ರೈವ್ ಶಾಫ್ಟ್ ಮತ್ತು ಗೇರ್‌ಬಾಕ್ಸಿನ ಭಾರವೂ ಸೇರುವುದರಿಂದ ಅಲ್ಲಿ ಸೊನ್ನೆ ಬರುವುದಿಲ್ಲ. ಡಿಸ್ಕಿಗೆ ಪ್ಯಾಡ್ ಮೆಲ್ಲಗೆ ತಾಗುವ ಸದ್ದು ಕೇಳಿಸುವುದೂ ಸಹಜವೇ. ಆದರೆ 4.2 ಮತ್ತು 3.4 ಸಹಜವಲ್ಲ. ಸಾಮಾನ್ಯವಾಗಿ ಚಕ್ರವನ್ನು ಕೈಯಲ್ಲಿ ತಿರುಗಿಸಿ "ಫ್ರೀ ಇದೆ" ಎಂದು ಹೇಳಿಬಿಡುವ ಕಡೆಗಳನ್ನೇ ನೋಡಿದ್ದ ನನಗೆ, ದುರಸ್ತಿಗೆ ಮೊದಲು ಒಂದು ಅಂಕಿಯನ್ನು ಗ್ರಾಹಕನ ಎದುರಿನಲ್ಲೇ ಬರೆದಿಡುವ ಈ ಕ್ರಮ ತುಂಬ ಗೌರವ ಹುಟ್ಟಿಸಿತು.

ಮುಂದಿನ ಎಡ ಚಕ್ರದಲ್ಲಿ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗವಾದ ಕ್ಯಾಲಿಪರ್ ಬಿಚ್ಚಿದಾಗ ಕಾರಣ ಕಣ್ಣಿಗೆ ಬಿತ್ತು. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇರುವುದಿಲ್ಲ. ಪೆಡಲ್ ಒತ್ತಿದಾಗ ಪಿಸ್ಟನ್ ಸುತ್ತಲಿನ ಚೌಕ ಅಂಚಿನ ರಬ್ಬರ್ ಸೀಲ್ ಸ್ವಲ್ಪ ವಾಲುತ್ತದೆ. ಪೆಡಲ್ ಬಿಟ್ಟಾಗ ಅದೇ ಸೀಲ್ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಪಿಸ್ಟನ್ ಮೇಲೆ ತುಕ್ಕು ಇದ್ದರೆ ಆ ಸಣ್ಣ ಬಲ ಸಾಲುವುದಿಲ್ಲ. ನಮ್ಮ ಕಾರಿನಲ್ಲಿ ಧೂಳು ತಡೆಯುವ ಹೊರಗಿನ ರಬ್ಬರ್ ಹೊದಿಕೆ (ಡಸ್ಟ್ ಬೂಟ್) ಹರಿದು, ಕಡಲ ಗಾಳಿಯ ಉಪ್ಪು ಮತ್ತು ಮಳೆನೀರು ಒಳಗೆ ಸೇರಿ, ಪಿಸ್ಟನ್ನಿನ ಹೊರತುದಿಯಲ್ಲಿ ತುಕ್ಕಿನ ಒಂದು ಪಟ್ಟಿಯೇ ಬೆಳೆದಿತ್ತು. ಹಳೆಯ ಪ್ಯಾಡ್ ಸವೆದು ತೆಳ್ಳಗಾಗಿದ್ದಾಗ ಪಿಸ್ಟನ್ ಬಹುಮಟ್ಟಿಗೆ ಹೊರಗೇ ಇದ್ದುದರಿಂದ ಆ ತುಕ್ಕು ಸೀಲಿಗೆ ತಾಗುತ್ತಿರಲಿಲ್ಲ. ಹಿಂದಿನ ವರ್ಷ ಹೊಸ ಪ್ಯಾಡ್ ಹಾಕುವಾಗ, ದಪ್ಪ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಒಳಕ್ಕೆ ಒತ್ತಿದ್ದಾರೆ. ತುಕ್ಕಿನ ಪಟ್ಟಿ ನೇರವಾಗಿ ಸೀಲಿನ ಒಳಗೆ ಹೋಗಿ ಕುಳಿತಿದೆ. ಮೈಲೇಜ್ ಬಿದ್ದದ್ದು ಹೊಸ ಪ್ಯಾಡ್ ಹಾಕಿಸಿದ ನಂತರವೇ ಎಂಬುದು ನನಗೆ ಆಗ ನೆನಪಾಯಿತು. ಹಳೆಯ ಕಾರಿಗೆ ಪ್ಯಾಡ್ ಬದಲಾಯಿಸುವವರು ಪಿಸ್ಟನ್ನನ್ನು ಒತ್ತುವ ಮೊದಲು ಅದರ ಹೊರಭಾಗವನ್ನು ನೋಡಿ ಶುಚಿಗೊಳಿಸಿದ್ದರೆ ಈ ಒಂದು ವರ್ಷದ ಪೆಟ್ರೋಲ್ ಉಳಿಯುತ್ತಿತ್ತು.

ಪಿಸ್ಟನ್ ಮೇಲೆ ಗುಳಿ ಬಿದ್ದಿರಲಿಲ್ಲವಾದ್ದರಿಂದ ಅದನ್ನು ತೀರಾ ನಯವಾದ ಮರಳು ಕಾಗದದಲ್ಲಿ ಉಜ್ಜಿ ಉಳಿಸಿಕೊಂಡರು. ಗುಳಿ ಇದ್ದಿದ್ದರೆ ಹೊಸದೇ ಬೇಕಾಗುತ್ತಿತ್ತು ಎಂದರು. ಎರಡೂ ಕಡೆಗೆ ಸೀಲ್ ಕಿಟ್ ಹಾಕಿದರು. ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿ ಹಿಡಿದುಕೊಂಡಿದ್ದವು. ಅವುಗಳಿಗೆ ಸಾಮಾನ್ಯ ಗ್ರೀಸ್ ಹಚ್ಚದೆ ಸಿಲಿಕೋನ್ ಗ್ರೀಸ್ ಹಚ್ಚಿದ್ದನ್ನು ನಾನು ವಿಶೇಷವಾಗಿ ಗಮನಿಸಿದೆ. ಪೆಟ್ರೋಲಿಯಂ ಮೂಲದ ಗ್ರೀಸ್ ಬ್ರೇಕಿನ ರಬ್ಬರನ್ನು ಉಬ್ಬಿಸುತ್ತದೆ, ಉಬ್ಬಿದ ರಬ್ಬರ್ ಪಿನ್ನನ್ನು ಮತ್ತೆ ಹಿಡಿಯುತ್ತದೆ. ಚಕ್ರದ ಬೇರಿಂಗಿಗೆ ಬಳಸುವ ಡಬ್ಬಿಯಿಂದಲೇ ಒಂದು ಬೆರಳು ತೆಗೆದು ಇಲ್ಲಿಗೂ ಹಚ್ಚುವ ರೂಢಿ ಅನೇಕ ಕಡೆ ಇದೆ, ಅದು ಆರು ತಿಂಗಳಲ್ಲಿ ತೊಂದರೆ ಕೊಡುವ ಕೆಲಸ.

ಹಿಂದಿನ ಬಲ ಚಕ್ರದ ಕತೆ ಕರಾವಳಿಯವರೆಲ್ಲರಿಗೂ ಪರಿಚಿತವಾದದ್ದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ರಾತ್ರಿಯಿಡೀ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ ಕಾರಿನ ಕೇಬಲ್ ಒಳಗೊಳಗೇ ತುಕ್ಕು ಹಿಡಿಯುತ್ತದೆ, ಲಿವರ್ ಕೆಳಗಿಳಿಸಿದರೂ ಹಿಂದಿನ ಚಕ್ರದ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂ ಪೂರ್ತಿ ಹಿಂದೆ ಬರುವುದಿಲ್ಲ. ಬಲಗಡೆಯ ಕೇಬಲನ್ನು ಬದಲಾಯಿಸಿದರು. ಅದೇ ಡ್ರಮ್ಮಿನೊಳಗೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನಲ್ಲಿ ಸಣ್ಣ ಸೋರಿಕೆ ಇದ್ದುದರಿಂದ ಹಿಂದಿನ ಎರಡೂ ಸಿಲಿಂಡರುಗಳನ್ನು ಹೊಸದಾಗಿ ಹಾಕಿದರು. ಇಲ್ಲಿ ನಾನೊಂದು ತಪ್ಪು ಕೇಳಿಕೆ ಇಟ್ಟೆ. ಹಿಂದಿನ ಶೂಗಳನ್ನು ಇನ್ನಷ್ಟು ಸಡಿಲ ಬಿಟ್ಟರೆ ಮೈಲೇಜ್ ಇನ್ನೂ ಹೆಚ್ಚಬಹುದಲ್ಲವೇ ಎಂದು ಕೇಳಿದೆ. ಅವರು ಖಡಾಖಂಡಿತವಾಗಿ ನಿರಾಕರಿಸಿದರು. ಶೂ ಅತಿಯಾಗಿ ಸಡಿಲವಾದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ, ಹೆದ್ದಾರಿಯಲ್ಲಿ ದನ ಅಡ್ಡ ಬಂದಾಗ ಅದರ ಬೆಲೆ ತಿಳಿಯುತ್ತದೆ ಎಂದರು. ಬ್ರೇಕನ್ನು ದುರ್ಬಲಗೊಳಿಸದೆ, ಅದು ಬಿಡಬೇಕಾದಾಗ ಪೂರ್ತಿ ಬಿಡುವಂತೆ ಮಾಡುವುದಷ್ಟೇ ತಮ್ಮ ಕೆಲಸ ಎಂಬ ಅವರ ನಿಲುವು ಸರಿಯಾದದ್ದು. ಗ್ರಾಹಕ ಕೇಳಿದ ಮಾತ್ರಕ್ಕೆ ಅವರು ಅದನ್ನು ಬಿಟ್ಟುಕೊಡಲಿಲ್ಲ.

ಬ್ರೇಕ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು. ಡಾಟ್ 3 ದರ್ಜೆಯ ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಇರಬೇಕಾದ ಅದರ ಕುದಿಯುವ ಬಿಂದು ನೀರು ಸೇರಿದ ಮೇಲೆ 140ರ ಹತ್ತಿರಕ್ಕೆ ಇಳಿಯಬಲ್ಲದು, ಅದೇ ನೀರು ಪಿಸ್ಟನ್ನನ್ನೂ ಸಿಲಿಂಡರನ್ನೂ ಒಳಗಿನಿಂದ ತುಕ್ಕು ಹಿಡಿಸುತ್ತದೆ. ನಮ್ಮಂಥ ತೇವದ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು, ನಾನು ಐದು ವರ್ಷ ಮುಟ್ಟಿರಲಿಲ್ಲ. ಹೊಸ ಆಯಿಲ್ ಹಾಕಿ, ಒಳಗೆ ಸೇರಿದ ಏರ್ ತೆಗೆಯುವಾಗ ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟದ್ದು ಏಕೆಂದು ಕೇಳಿದೆ. ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಹಳೆಯದಾಗಿದ್ದಾಗ ಪೆಡಲನ್ನು ತಳದವರೆಗೆ ಒತ್ತಿದರೆ, ಎಂದೂ ಓಡಾಡದ ಜಾಗದ ಕಿಲುಬು ಸೀಲನ್ನು ಗೀರಿಬಿಡುತ್ತದೆಯಂತೆ.

ಕೆಲಸ ಮುಗಿದ ಮೇಲೆ ತಕ್ಕಡಿ ಮತ್ತೆ ಹೊರಗೆ ಬಂತು. ಮುಂದಿನ ಎಡ 1.4, ಬಲ 1.3, ಹಿಂದಿನ ಬಲ 0.6, ಹಿಂದಿನ ಎಡ 0.9.

ಆದರೆ ಹತ್ತು ದಿನಗಳ ನಂತರ, ಕುಳೂರಿನಿಂದ ವಾಹನ ದಟ್ಟಣೆಯಲ್ಲಿ ಬಂದ ಒಂದು ಸಂಜೆ, ಎಡ ಚಕ್ರ ಮತ್ತೆ ಬಿಸಿಯಾಗಿತ್ತು. ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೋಗುವಷ್ಟರಲ್ಲಿ ತಣ್ಣಗಾಗಿ ಚಕ್ರ ಸರಾಗವಾಗಿ ತಿರುಗುತ್ತಿತ್ತು. ಅವರು ನನ್ನ ಮಾತನ್ನು ಅಲ್ಲಗಳೆಯದೆ, ತಾವೇ ಕಾರನ್ನು ಉಡುಪಿಯವರೆಗೆ ಓಡಿಸಿ, ಪದೇ ಪದೇ ಬ್ರೇಕ್ ಒತ್ತಿ ಬಿಸಿ ಮಾಡಿ ತಂದರು. ಆಗ ಚಕ್ರ ಹಿಡಿದಿತ್ತು. ಕ್ಯಾಲಿಪರಿನಿಂದ ಏರ್ ತೆಗೆಯುವ ತಿರುಪನ್ನು (ಬ್ಲೀಡಿಂಗ್ ನಿಪ್ಪಲ್) ಸ್ವಲ್ಪ ಸಡಿಲಿಸಿದ ಕೂಡಲೇ ಒಂದಿಷ್ಟು ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡಿತು. ಕ್ಯಾಲಿಪರಿನಲ್ಲಿ ತೊಡಕಿದ್ದರೆ ನಿಪ್ಪಲ್ ತೆರೆದರೂ ಚಕ್ರ ಹಿಡಿದೇ ಇರುತ್ತಿತ್ತು. ಬಿಟ್ಟಿತೆಂದರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ ಎಂದು ಅರ್ಥ. ಕ್ಯಾಲಿಪರಿಗೆ ಆಯಿಲ್ ಒಯ್ಯುವ, ಹದಿನೈದು ವರ್ಷ ದಾಟಿದ ರಬ್ಬರ್ ಹೋಸ್ ಒಳಗಡೆ ಉಬ್ಬಿ, ಆಯಿಲನ್ನು ಹೋಗಲು ಬಿಟ್ಟು ಮರಳಿ ಬರಲು ಬಿಡುತ್ತಿರಲಿಲ್ಲ. ಹೊರಗಿನಿಂದ ಅದರಲ್ಲಿ ಒಂದು ಬಿರುಕೂ ಕಾಣುತ್ತಿರಲಿಲ್ಲ. ಇದನ್ನು ಮೊದಲ ಸಲವೇ ಬದಲಾಯಿಸಲು ಹೇಳಬೇಕಿತ್ತು ಎಂದು ಅವರೇ ಒಪ್ಪಿಕೊಂಡು, ಮುಂದಿನ ಎರಡೂ ಹೋಸ್‌ಗಳ ಬೆಲೆಯನ್ನು ಮಾತ್ರ ಪಡೆದು ಕೂಲಿ ಬಿಟ್ಟುಕೊಟ್ಟರು. ಇಷ್ಟು ವಯಸ್ಸಾದ ಕಾರಿಗೆ ಹೋಸ್ ಬದಲಾವಣೆಯನ್ನು ಮೊದಲ ದಿನವೇ ಕೇಳಿ ಮಾಡಿಸಿಕೊಳ್ಳಿ ಎಂದು ಓದುಗರಿಗೆ ಹೇಳುತ್ತೇನೆ.

ಖರ್ಚಿನ ವಿವರ ಹೀಗಿದೆ. ಸೀಲ್ ಕಿಟ್ 700, ಪಿನ್ ಮತ್ತು ಬೂಟ್ 400, ವೀಲ್ ಸಿಲಿಂಡರ್ ಜೋಡಿ 900, ಕೇಬಲ್ 450, ಬ್ರೇಕ್ ಆಯಿಲ್ 250, ಕೂಲಿ 1,800, ಒಟ್ಟು 4,500 ರೂಪಾಯಿ. ಆಮೇಲೆ ಹೋಸ್‌ಗಳಿಗೆ 700. ಹೋಸ್ ಹಾಕಿದ ನಂತರ, ಟಯರಿನ ಗಾಳಿಯನ್ನು ಮೊದಲಿನಷ್ಟೇ ಇಟ್ಟುಕೊಂಡು, ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಮೂರು ಸಲ ಲೆಕ್ಕ ಹಾಕಿದೆ. ಸರಾಸರಿ ಲೀಟರಿಗೆ 15.2 ಕಿ.ಮೀ. ಬಂತು. ತಿಂಗಳಿಗೆ 2,000 ಕಿ.ಮೀ. ಓಡುವ ನನಗೆ ಇದರಿಂದ ಸುಮಾರು 13 ಲೀಟರ್ ಉಳಿಯುತ್ತದೆ, ಅಂದರೆ ನಾಲ್ಕು ತಿಂಗಳೊಳಗೆ ಹಣ ಮರಳುತ್ತದೆ.

ಈ ಅಂಕಿ ನಂಬುವಂಥದ್ದೇ ಎಂದು ಕಾಗದದ ಮೇಲೂ ಪರೀಕ್ಷಿಸಿದೆ. ನಾಲ್ಕು ಚಕ್ರಗಳಿಂದ ಕಡಿಮೆಯಾದ ಎಳೆತ ಒಟ್ಟು 6 ಕೆ.ಜಿ., ಅಂದರೆ ಸುಮಾರು 59 ನ್ಯೂಟನ್. ನೂರು ಕಿ.ಮೀ. ಉದ್ದಕ್ಕೆ ಅದನ್ನು ಎಳೆಯಲು 59 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 320 ಲಕ್ಷ ಜೂಲ್ ಇದ್ದು, ಅದರ ಕಾಲುಭಾಗದಷ್ಟು ಮಾತ್ರ ಚಕ್ರಕ್ಕೆ ತಲುಪುತ್ತದೆ ಎಂದಿಟ್ಟುಕೊಂಡರೆ, ನೂರು ಕಿ.ಮೀ.ಗೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ ವ್ಯರ್ಥವಾಗುತ್ತಿತ್ತು. ಬಂಕಿನ ಲೆಕ್ಕದಲ್ಲಿ ಉಳಿದದ್ದು 0.67 ಲೀಟರ್. ಎರಡೂ ಲೆಕ್ಕ ಇಷ್ಟು ಹತ್ತಿರ ಬಂದದ್ದನ್ನು ನೋಡಿ ನನಗಾದ ಸಂತೋಷ ಸಣ್ಣದಲ್ಲ.

ಈ ಗ್ಯಾರೇಜಿಗೆ ಹೋಗುವವರು ಎರಡು ದಿನ ಕಾರು ಬಿಡಲು ಸಿದ್ಧರಿರಬೇಕು. ಮೊದಲೇ ಹೋಗಿ ದಿನ ಗೊತ್ತುಮಾಡಿಕೊಳ್ಳದಿದ್ದರೆ ಕಾಯಬೇಕಾಗುತ್ತದೆ, ಬಿಲ್ ಕೈಬರಹದ್ದು, ಕುಳಿತುಕೊಳ್ಳಲು ಒಂದು ಬೆಂಚು ಬಿಟ್ಟರೆ ಬೇರೆ ಅನುಕೂಲವಿಲ್ಲ. ಜೋರು ಮಳೆಯಲ್ಲಿ ಶೀಟಿನ ಕೆಳಗೆ ನೀರು ಎರಚುವುದರಿಂದ ಬ್ರೇಕಿನ ಕೆಲಸಕ್ಕೆ ಮಳೆಗಾಲ ತಪ್ಪಿಸುವುದು ಒಳ್ಳೆಯದು. ಬಿಚ್ಚಿದ ಹಳೆಯ ಭಾಗಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಕೊಡುತ್ತಾರೆ, ಕೇಳಬೇಕಾಗಿಲ್ಲ.

ಸಮತಟ್ಟಾದ ಜಾಗದಲ್ಲಿ ರಾತ್ರಿ ಹ್ಯಾಂಡ್ ಬ್ರೇಕ್ ಎಳೆಯದೆ, ಕಾರನ್ನು ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ ಎಂದು ಅವರು ಹೇಳಿ ಕಳಿಸಿದ್ದಾರೆ. ಹಿಂದಿನ ಎಡಗಡೆಯ ಕೇಬಲ್ ಹಳೆಯದೇ ಉಳಿದಿದ್ದು, ಅದನ್ನು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು ಬದಲಾಯಿಸಲು ದಿನ ಕೇಳಿಟ್ಟಿದ್ದೇನೆ. ನಿನ್ನೆ ಬೆಳಿಗ್ಗೆ ಚಕ್ರದ ಕಲ್ಲು ತೆಗೆದು ನ್ಯೂಟ್ರಲ್‌ಗೆ ಹಾಕಿದಾಗ ಕಾರು ಯಾರೂ ತಳ್ಳದೆ ಗೇಟಿನತ್ತ ಸರಿಯಿತು.